ಬಾತ್ಮೀದಾರನ ಕಡತ ಯಾರ ಕೈಯಲ್ಲಿ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಪೊಲೀಸರ ಬಾತ್ಮೀದಾರರ ಕುರಿತಾಗಿವೆ. ಅಮೆರಿಕದ ಇಲಾಖೆಗಳಲ್ಲಿ ಇದಕ್ಕೆ ಲಿಖಿತ ನಿಯಮಗಳಿವೆ. ಆ ನಿಯಮ ಮುರಿದಾಗ ಏನೇನಾಯಿತು ಎಂಬುದೂ ಅಲ್ಲಿನ ನ್ಯಾಯಾಲಯಗಳ ದಾಖಲೆಯಲ್ಲಿದೆ. ಹಾಗಾಗಿ ಉತ್ತರಗಳ ಬಹುಪಾಲು ಅಲ್ಲಿಯದೇ. ಬ್ರಿಟನ್ ಮತ್ತು ನಮ್ಮ ದೇಶದ ಸಂಗತಿ ಕೊನೆಯಲ್ಲಿದೆ.

ಪ್ರಶ್ನೆ: ಅಮೆರಿಕದ ಪೊಲೀಸರು ಯಾರನ್ನು ಬೇಕಾದರೂ ಬಾತ್ಮೀದಾರನನ್ನಾಗಿ ಇಟ್ಟುಕೊಳ್ಳಬಹುದೇ? ಅದಕ್ಕೊಂದು ವಿಧಾನ ಇದೆಯೇ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಮೊದಲು ಯಾರು ಬಾತ್ಮೀದಾರ, ಯಾರಲ್ಲ ಎಂಬುದನ್ನು ಬೇರ್ಪಡಿಸಿಕೊಳ್ಳಿ. ‘ಆ ಮನೆಯಲ್ಲಿ ಮಾದಕವಸ್ತು ಮಾರುತ್ತಾರೆ’ ಎಂದು ಫೋನ್ ಮಾಡಿ ಇಟ್ಟುಬಿಡುವ ನೆರೆಯವರು ಮಾಹಿತಿ ಕೊಟ್ಟವರಷ್ಟೇ. ಪೊಲೀಸರು ಹೇಳಿದ ಕಡೆ ಹೋಗಿ, ಹೇಳಿದ ಕೆಲಸ ಮಾಡಿ, ಅದಕ್ಕೆ ಹಣವನ್ನೋ ತನ್ನ ಮೇಲಿನ ಪ್ರಕರಣದಲ್ಲಿ ರಿಯಾಯಿತಿಯನ್ನೋ ನಿರೀಕ್ಷಿಸುವವನು ಬಾತ್ಮೀದಾರ. ಕಡತ ತೆರೆಯಬೇಕಾದದ್ದು ಇಂಥವನಿಗೆ.

ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ, ಒಂದೊಂದರ ನಿಯಮಾವಳಿಯೂ ಬೇರೆ. ಆದರೂ ಚೆನ್ನಾಗಿ ನಡೆಯುವ ಇಲಾಖೆಗಳಲ್ಲಿ ಕ್ರಮ ಹೆಚ್ಚುಕಡಿಮೆ ಒಂದೇ. ಅಧಿಕಾರಿ ವ್ಯಕ್ತಿಯ ಗುರುತು ಖಚಿತಪಡಿಸಿಕೊಂಡು ಫೋಟೊ, ಬೆರಳಚ್ಚು ತೆಗೆಯುತ್ತಾನೆ. ಹಳೆಯ ಅಪರಾಧಗಳ ಪಟ್ಟಿ, ಬಾಕಿ ವಾರಂಟ್, ಪ್ರೊಬೇಷನ್ (ಜೈಲಿಗೆ ಬದಲು ನ್ಯಾಯಾಲಯದ ನಿಗಾದಲ್ಲಿ ಹೊರಗಿರುವುದು) ಅಥವಾ ಪೆರೋಲ್ ಮೇಲಿದ್ದಾನೆಯೇ ಎಂಬುದನ್ನು ನೋಡುತ್ತಾನೆ. ಪ್ರೊಬೇಷನ್ ಮೇಲಿದ್ದರೆ ಆ ಮೇಲ್ವಿಚಾರಕರ ಅಥವಾ ನ್ಯಾಯಾಲಯದ ಒಪ್ಪಿಗೆ ಬೇಕು. ಮಾದಕ ಅಪರಾಧಿಗಳ ಜೊತೆ ಬೆರೆಯಬೇಡ ಎಂದು ನ್ಯಾಯಾಧೀಶರು ಷರತ್ತು ಹಾಕಿರುವವನನ್ನು ಪೊಲೀಸರು ಅದೇ ಮಾರಾಟಗಾರರ ಮನೆಗೆ ಕಳುಹಿಸುವಂತಿಲ್ಲ. ವಯಸ್ಸು, ಮಾನಸಿಕ ಸ್ಥಿತಿ, ವ್ಯಸನ ಇದೆಯೇ, ಈ ಕೆಲಸಕ್ಕೆ ಯಾಕೆ ಬಂದಿದ್ದಾನೆ ಎಂಬುದನ್ನೂ ಬರೆದುಕೊಳ್ಳಬೇಕು. ಹಣಕ್ಕಾಗಿ ಬಂದವನು, ಶಿಕ್ಷೆ ತಪ್ಪಿಸಿಕೊಳ್ಳಲು ಬಂದವನು, ಎದುರಾಳಿ ಗುಂಪನ್ನು ಮುಗಿಸಲು ಬಂದವನು – ಮೂವರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಆಮೇಲೆ ಲಿಖಿತ ಒಪ್ಪಂದ. ನೀನು ಪೊಲೀಸ್ ನೌಕರನಲ್ಲ, ಯಾರನ್ನೂ ಬಂಧಿಸುವಂತಿಲ್ಲ, ಆಯುಧ ಒಯ್ಯುವಂತಿಲ್ಲ, ಅಪರಾಧ ಮಾಡುವ ಮನಸ್ಸೇ ಇಲ್ಲದವನನ್ನು ಪುಸಲಾಯಿಸಿ ಸಿಕ್ಕಿಹಾಕಿಸುವಂತಿಲ್ಲ, ನಿನ್ನ ಪ್ರಕರಣದ ಬಗ್ಗೆ ಭರವಸೆ ಕೊಡುವ ಅಧಿಕಾರ ಸರ್ಕಾರಿ ವಕೀಲರಾದ ಪ್ರಾಸಿಕ್ಯೂಟರ್‌ಗೆ ಮಾತ್ರ – ಇವೆಲ್ಲ ಅದರಲ್ಲಿರುತ್ತವೆ. ಸಹಿಯ ಜಾಗದಲ್ಲಿ ನಿಜ ಹೆಸರಿನ ಜೊತೆ ಒಂದು ಸುಳ್ಳು ಹೆಸರನ್ನೂ ದಾಖಲಿಸಿ, ಒಂದು ಸಂಖ್ಯೆ ಕೊಡುತ್ತಾರೆ. ಅಲ್ಲಿಂದಾಚೆಗಿನ ವರದಿಗಳಲ್ಲೆಲ್ಲ ಆ ಸಂಖ್ಯೆಯೇ. ನಿಜ ಹೆಸರಿರುವ ಮೂಲ ಕಡತ ಮೇಲಧಿಕಾರಿಯ ಬೀಗದ ಕಪಾಟಿನಲ್ಲಿರಬೇಕು. ಅದನ್ನು ತೆಗೆದು ನೋಡಿದವರ ಹೆಸರು, ದಿನಾಂಕ, ಕಾರಣ ಬೇರೆ ಪುಸ್ತಕದಲ್ಲಿ ಏರಬೇಕು.

ಇಡೀ ವ್ಯವಸ್ಥೆ ನಿಂತಿರುವುದು ಈ ಕಪಾಟಿನ ಮೇಲೆ. ಅಧಿಕಾರಿ ಕಡತವನ್ನು ತನ್ನ ಮೇಜಿನ ಡ್ರಾಯರ್‌ನಲ್ಲೋ ತಲೆಯಲ್ಲೋ ಇಟ್ಟುಕೊಂಡ ದಿನ, ಆ ಬಾತ್ಮೀದಾರ ಇಲಾಖೆಯವನಾಗಿ ಉಳಿಯುವುದಿಲ್ಲ, ಆ ಒಬ್ಬ ಅಧಿಕಾರಿಯ ಸ್ವಂತ ಮನುಷ್ಯನಾಗುತ್ತಾನೆ. ಮುಂದಿನ ಉತ್ತರಗಳಲ್ಲಿ ಬರುವ ಕೆಲವು ಅನಾಹುತಗಳ ಹಿಂದೆ ಇಂಥ ಸಡಿಲಿಕೆಯೇ ಇದೆ.

ಪ್ರಶ್ನೆ: ಬಾತ್ಮೀದಾರನ ಕೈಯಿಂದ ಮಾದಕವಸ್ತು ಖರೀದಿ ಮಾಡಿಸುತ್ತಾರೆ ಎಂದು ಕೇಳಿದ್ದೇನೆ. ಅವನೇ ಜೇಬಿನಿಂದ ತೆಗೆದುಕೊಟ್ಟು ‘ಅಲ್ಲಿ ಕೊಂಡೆ’ ಎಂದರೆ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ನಿಮ್ಮ ಅನುಮಾನ ಸರಿಯಾಗಿದೆ. ಅದನ್ನು ತಡೆಯಲೆಂದೇ ಅಲ್ಲಿ ‘ನಿಯಂತ್ರಿತ ಖರೀದಿ’ಗೆ ಬಿಗಿ ಕ್ರಮವಿದೆ. ನಮ್ಮ ಲೋಕಾಯುಕ್ತದವರು ಲಂಚದ ಟ್ರ್ಯಾಪ್ ಮಾಡುವಾಗ ನೋಟಿನ ನಂಬರ್ ಬರೆದುಕೊಂಡು, ಫಿನಾಫ್ತಲೀನ್ ಪುಡಿ ಸವರಿ, ಪಂಚರ ಎದುರು ಎಲ್ಲವನ್ನೂ ದಾಖಲಿಸುವುದನ್ನು ನೀವು ಓದಿರಬಹುದು. ತರ್ಕ ಎರಡರಲ್ಲೂ ಒಂದೇ. ನಮ್ಮ ಟ್ರ್ಯಾಪ್‌ನಲ್ಲಿ ದೂರುದಾರನ ಹೆಸರು ಬಯಲಿನಲ್ಲಿರುತ್ತದೆ, ಅಲ್ಲಿ ಮುಚ್ಚಿರುತ್ತದೆ.

ಖರೀದಿಗೆ ಮುಂಚೆ ನೋಟುಗಳ ಫೋಟೊಕಾಪಿ ತೆಗೆದು ಸರಣಿ ಸಂಖ್ಯೆ ದಾಖಲಿಸುತ್ತಾರೆ. ಬಾತ್ಮೀದಾರನ ಮೈ, ಬಟ್ಟೆ, ಚಪ್ಪಲಿ, ಅವನು ವಾಹನದಲ್ಲಿ ಹೋಗುವುದಾದರೆ ವಾಹನ, ಎಲ್ಲವನ್ನೂ ಶೋಧಿಸಿ ಅವನ ಸ್ವಂತ ಹಣವನ್ನು ಅಧಿಕಾರಿ ತೆಗೆದಿಟ್ಟುಕೊಳ್ಳುತ್ತಾನೆ. ರೆಕಾರ್ಡರ್ ಅಥವಾ ಟ್ರಾನ್ಸ್‌ಮಿಟರ್ ಕಟ್ಟುತ್ತಾರೆ. ಆಮೇಲೆ ಅವನು ಮನೆಯ ಬಾಗಿಲು ಸೇರುವವರೆಗೆ, ಹೊರಬಂದು ಮತ್ತೆ ಪೊಲೀಸರ ಕೈ ಸೇರುವವರೆಗೆ, ಕಣ್ಣು ತಪ್ಪುವಂತಿಲ್ಲ. ವಾಪಸಾದ ಕೂಡಲೇ ವಸ್ತುವನ್ನು ವಶಕ್ಕೆ ಪಡೆದು, ತೂಗಿ, ಪ್ರಾಥಮಿಕ ಪರೀಕ್ಷೆ ಮಾಡಿ, ಮೊಹರು ಹಾಕುತ್ತಾರೆ. ಇನ್ನೊಮ್ಮೆ ಮೈ ಶೋಧಿಸುತ್ತಾರೆ. ಉಳಿದ ಹಣ ಎಣಿಸುತ್ತಾರೆ. ಹೇಳಿಕೆಯನ್ನು ಅಲ್ಲೇ ಬರೆದುಕೊಳ್ಳುತ್ತಾರೆ. ಮೊದಲಿಂದ ಕೊನೆಯವರೆಗೆ ಕನಿಷ್ಠ ಇಬ್ಬರು ಅಧಿಕಾರಿಗಳಿರಬೇಕು.

ಕೆಡುವುದು ಎಲ್ಲಿ? ಅವಸರದಲ್ಲಿ ಮೊದಲ ಶೋಧ ಬಿಟ್ಟುಹೋಗುತ್ತದೆ. ಅದು ಬಿಟ್ಟರೆ ಎರಡನೆಯ ಶೋಧಕ್ಕೆ ಅರ್ಥವೇ ಇಲ್ಲ. ಬಹುಮಹಡಿ ಕಟ್ಟಡಗಳಲ್ಲಿ ಬಾತ್ಮೀದಾರ ಮುಖ್ಯದ್ವಾರ ದಾಟಿದ ಮೇಲೆ ಯಾವ ಫ್ಲಾಟಿಗೆ ಹೋದ ಎಂದು ಯಾರೂ ನೋಡಿರುವುದಿಲ್ಲ, ವಾರಂಟ್‌ನಲ್ಲಿ ಮಾತ್ರ ಫ್ಲಾಟ್ ಸಂಖ್ಯೆ ಖಚಿತವಾಗಿ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಖರೀದಿಯೇ ನಡೆಯದೆ ಕಾಗದದ ಮೇಲೆ ನಡೆದಂತೆ ಬರೆಯುವುದು.

ಅಟ್ಲಾಂಟಾದಲ್ಲಿ 2006ರ ನವೆಂಬರ್ 21ರಂದು ಆದದ್ದು ಅದೇ. ಒಂದು ಮನೆಯಲ್ಲಿ ಬಾತ್ಮೀದಾರ ಕ್ರ್ಯಾಕ್ ಕೊಕೇನ್ ಕೊಂಡಿದ್ದಾನೆ ಎಂದು ಪೊಲೀಸರು ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ, ಬಾಗಿಲು ತಟ್ಟದೆಯೇ ನುಗ್ಗುವ ವಾರಂಟ್ ಪಡೆದರು. ಒಳಗಿದ್ದವರು 92 ವರ್ಷದ ಕ್ಯಾಥ್ರಿನ್ ಜಾನ್‌ಸ್ಟನ್. ಕಳ್ಳರೆಂದುಕೊಂಡು ಅಜ್ಜಿ ಒಂದು ಗುಂಡು ಹಾರಿಸಿದರು. ಪೊಲೀಸರು 39 ಹಾರಿಸಿದರು. ಅಜ್ಜಿ ಸತ್ತರು. ಆ ಮನೆಯಲ್ಲಿ ಯಾವ ಖರೀದಿಯೂ ನಡೆದಿರಲಿಲ್ಲ. ಆಮೇಲೆ ಒಬ್ಬ ಬಾತ್ಮೀದಾರನಿಗೆ ‘ನಾನೇ ಕೊಂಡೆ ಎಂದು ಹೇಳು’ ಎಂದು ಒತ್ತಾಯಿಸಿದರು, ಅವನು ಒಪ್ಪದೆ ಸತ್ಯ ಹೊರಹಾಕಿದ. 2009ರಲ್ಲಿ ಮೂವರು ಅಧಿಕಾರಿಗಳು 5ರಿಂದ 10 ವರ್ಷಗಳ ಶಿಕ್ಷೆಗೆ ಒಳಗಾದರು.

ಪಾಠ ಕಲಿತರೇ ಎಂದರೆ, 2019ರ ಜನವರಿ 28ರಂದು ಹ್ಯೂಸ್ಟನ್‌ನಲ್ಲಿ ಅದೇ ಮರುಕಳಿಸಿತು. ಜೆರಾಲ್ಡ್ ಗೋಯಿನ್ಸ್ ಎಂಬ ಅಧಿಕಾರಿ ನಡೆಯದ ಹೆರಾಯಿನ್ ಖರೀದಿಯನ್ನು ಅಫಿಡವಿಟ್‌ನಲ್ಲಿ ಬರೆದ, ದಾಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸತ್ತರು. 2024ರಲ್ಲಿ ಅವನಿಗೆ ಕೊಲೆ ಅಪರಾಧಕ್ಕಾಗಿ 60 ವರ್ಷ ಶಿಕ್ಷೆಯಾಯಿತು. ವಾರಂಟ್ ಅರ್ಜಿಗೆ ಸಹಿ ಹಾಕುವ ಮುನ್ನ ಮೇಲಧಿಕಾರಿ ಮೂರು ಕಾಗದ ಕೇಳಬೇಕು: ಬಾತ್ಮೀದಾರನ ಸಂಖ್ಯೆ, ಅಂದಿನ ಹಣದ ರಸೀದಿ, ವಶಪಡಿಸಿಕೊಂಡ ವಸ್ತುವಿನ ನಮೂದು. ನಡೆಯದ ಖರೀದಿಗೆ ಈ ಮೂರನ್ನೂ ಒಬ್ಬನೇ ಹೊಂದಿಸುವುದು ಬಹಳ ಕಷ್ಟ.

ಪ್ರಶ್ನೆ: ಬಾತ್ಮೀದಾರರಿಗೆ ಕೊಡುವ ಹಣಕ್ಕೆ ಲೆಕ್ಕ ಇರುತ್ತದೆಯೇ?
– ಲೆಕ್ಕಪರಿಶೋಧಕರು, ಮಂಗಳೂರು

ಇರಬೇಕು. ಹಣವನ್ನು ಪ್ರತ್ಯೇಕ ನಿಧಿಯಿಂದ ಮೇಲಧಿಕಾರಿಯ ಮಂಜೂರಾತಿ ಮೇಲೆ ತೆಗೆಯುತ್ತಾರೆ, ಕೊಡುವಾಗ ಇನ್ನೊಬ್ಬ ಅಧಿಕಾರಿ ಸಾಕ್ಷಿಯಾಗಿ ನಿಲ್ಲುತ್ತಾನೆ. ಬಾತ್ಮೀದಾರ ತನ್ನ ಸುಳ್ಳು ಹೆಸರಿನಲ್ಲಿ ರಸೀದಿಗೆ ಸಹಿ ಹಾಕುತ್ತಾನೆ. ಪರಿಶೋಧಕರು ಆ ಸಹಿಯನ್ನು ಮೂಲ ಕಡತದ ಮಾದರಿ ಸಹಿಯೊಂದಿಗೆ ಹೋಲಿಸಬೇಕು. ಸುಳ್ಳು ರಸೀದಿ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ. ಖರೀದಿಗೆ ಕೊಟ್ಟ ಹಣ ಮತ್ತು ಅವನ ಕೂಲಿ ಎರಡನ್ನೂ ಬೇರೆ ಬೇರೆ ನಮೂದಿಸಬೇಕು. ಒಂದೇ ಸಾಲಿನಲ್ಲಿ ಸೇರಿಸಿದ ಲೆಕ್ಕ ಕಂಡರೆ ಅನುಮಾನಿಸಿ.

ದೊಡ್ಡ ಸಂಸ್ಥೆಗಳೂ ಇದರಲ್ಲಿ ಎಡವಿವೆ. ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2016ರಲ್ಲಿ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎಯ ಲೆಕ್ಕ ನೋಡಿದಾಗ ತಿಳಿದದ್ದು ಇದು: 2010ರ ಅಕ್ಟೋಬರ್‌ನಿಂದ 2015ರ ಸೆಪ್ಟೆಂಬರ್‌ವರೆಗೆ 18,000ಕ್ಕೂ ಹೆಚ್ಚು ಸಕ್ರಿಯ ಬಾತ್ಮೀದಾರರಿದ್ದರು, ಅವರಲ್ಲಿ 9,000ಕ್ಕೂ ಹೆಚ್ಚು ಮಂದಿಗೆ ಸುಮಾರು 23.7 ಕೋಟಿ ಡಾಲರ್ ಹೋಗಿತ್ತು. ಮೇಲ್ವಿಚಾರಣೆ ಸಾಲದು ಎಂದು ವರದಿ ನೇರವಾಗಿಯೇ ಹೇಳಿತು. ಅದಕ್ಕೂ ಮೊದಲು, ಆ್ಯಮ್‌ಟ್ರ್ಯಾಕ್ ರೈಲ್ವೆಯ ಒಬ್ಬ ನೌಕರನಿಗೆ ಸುಮಾರು 20 ವರ್ಷಗಳಲ್ಲಿ 8,54,460 ಡಾಲರ್ ಕೊಟ್ಟು ಪ್ರಯಾಣಿಕರ ಮಾಹಿತಿ ತರಿಸಿಕೊಂಡದ್ದು 2014ರಲ್ಲಿ ಬಯಲಾಗಿತ್ತು. ಕೇಳಿದ್ದರೆ ರೈಲ್ವೆ ಪೊಲೀಸರೇ ಅದನ್ನು ಪುಕ್ಕಟೆ ಕೊಡುತ್ತಿದ್ದರು.

ಪ್ರಶ್ನೆ: ನಮ್ಮ ಸಂಬಂಧಿಕರ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಸ್ವಲ್ಪ ಮಾದಕವಸ್ತು ಇಟ್ಟುಕೊಂಡು ಸಿಕ್ಕಿಬಿದ್ದ ಸಹಪಾಠಿಯೊಬ್ಬನಿಗೆ ಪೊಲೀಸರು ‘ನಮಗೆ ಸಹಾಯ ಮಾಡು, ಕೇಸು ಇಲ್ಲದಂತೆ ಮಾಡುತ್ತೇವೆ’ ಎಂದರಂತೆ. ನಮ್ಮ ಮಕ್ಕಳಿಗೆ ಇಂಥದ್ದು ಬಂದರೆ ಏನು ಮಾಡಬೇಕು?
– ತಾಯಿ, ಮೈಸೂರು

ಮೊದಲ ಮಾತು: ಸಹಿ ಹಾಕುವ ಮುನ್ನ ವಕೀಲರ ಜೊತೆ ಮಾತಾಡಬೇಕೆಂದು ಹೇಳಬೇಕು, ಅಲ್ಲಿಗೆ ಮಾತು ನಿಲ್ಲಿಸಬೇಕು. ‘ಈಗಲೇ ನಿರ್ಧರಿಸು, ಅಪ್ಪ ಅಮ್ಮನಿಗೂ ಹೇಳಬೇಡ’ ಎಂಬ ಒತ್ತಡ ಬರುತ್ತದೆ. ಇಪ್ಪತ್ತೆರಡರ ಹುಡುಗನೊಬ್ಬ ಆ ಕೋಣೆಯಲ್ಲಿ ಒಂಟಿಯಾಗಿ ತೆಗೆದುಕೊಳ್ಳುವ ತೀರ್ಮಾನ ಅವನ ಜೀವಕ್ಕೇ ಎರವಾಗಬಹುದು, ಉತ್ಪ್ರೇಕ್ಷೆ ಅಲ್ಲ.

ಫ್ಲಾರಿಡಾದ ಟ್ಯಾಲಹಾಸಿಯಲ್ಲಿ 2008ರ ಮೇ ತಿಂಗಳಲ್ಲಿ ರೇಚಲ್ ಹಾಫ್‌ಮನ್ ಎಂಬ 23 ವರ್ಷದ ಪದವೀಧರೆ ಸತ್ತದ್ದು ಹೀಗೆ. ಗಾಂಜಾ ಪ್ರಕರಣದಿಂದ ಪಾರಾಗಲು ಬಾತ್ಮೀದಾರಳಾಗಲು ಒಪ್ಪಿದ್ದಳು. 13,000 ಡಾಲರ್ ಕೊಟ್ಟು, 1,500 ಎಕ್ಸ್‌ಟಸಿ ಮಾತ್ರೆ, ಕೊಕೇನ್, ಜೊತೆಗೆ ಒಂದು ಬಂದೂಕು ಕೊಳ್ಳಲು ಪೊಲೀಸರು ಅವಳನ್ನು ಕಳುಹಿಸಿದರು. ಮಾರಾಟಗಾರರು ಭೇಟಿಯ ಜಾಗ ಬದಲಿಸಿದರು, ಪೊಲೀಸರ ಕಣ್ಣಿನಿಂದ ಅವಳು ತಪ್ಪಿಹೋದಳು, ಅವರು ಅವಳನ್ನು ಕೊಂದರು. ಇಂಥ ಕೆಲಸದ ಅನುಭವವೇ ಇಲ್ಲದವಳನ್ನು ಬಂದೂಕಿನ ವ್ಯವಹಾರಕ್ಕೆ ದೂಡಿದ್ದೇ ಮೊದಲ ತಪ್ಪು. ಜಾಗ ಬದಲಾದರೆ ಕಾರ್ಯಾಚರಣೆ ರದ್ದು ಎಂಬ ನಿಯಮ ಪಾಲಿಸದೇ ಹೋದದ್ದು ಎರಡನೆಯದು. 2009ರಲ್ಲಿ ಅವಳ ಹೆಸರಿನಲ್ಲೇ ಫ್ಲಾರಿಡಾದಲ್ಲಿ ಕಾನೂನು ಬಂತು. ಅದರಂತೆ, ಬಾತ್ಮೀದಾರನಾಗಲು ಕೇಳಲ್ಪಟ್ಟವರು ಕೋರಿದರೆ ವಕೀಲರನ್ನು ಕಾಣಲು ಅವಕಾಶ ಕೊಡಬೇಕು, ಶಿಕ್ಷೆ ಕಡಿಮೆ ಮಾಡುತ್ತೇವೆಂದು ಪೊಲೀಸರು ಭರವಸೆ ಕೊಡುವಂತಿಲ್ಲ, ವಯಸ್ಸು, ಪ್ರಬುದ್ಧತೆ, ಅಪಾಯದ ಮಟ್ಟ ನೋಡಿಯೇ ನೇಮಿಸಿಕೊಳ್ಳಬೇಕು. ‘ಕೋರಿದರೆ’ ಎಂಬುದನ್ನು ಗಮನಿಸಿ: ಬಾಯಿಬಿಟ್ಟು ಕೇಳಬೇಕು. ಉತ್ತರ ಡಕೋಟದಲ್ಲಿ 2017ರಲ್ಲಿ, ಮಿನೆಸೋಟದಲ್ಲಿ 2021ರಲ್ಲಿ ಹೀಗೆಯೇ ಯುವಕರ ಸಾವಿನ ನಂತರ ಕಾನೂನುಗಳಾದವು. ಎಷ್ಟೋ ರಾಜ್ಯಗಳಲ್ಲಿ ಇಂದಿಗೂ ಇಂಥ ಕಾನೂನಿಲ್ಲ.

ವಿದೇಶಿ ವಿದ್ಯಾರ್ಥಿಗೆ ಇನ್ನೊಂದು ಕಂಟಕವಿದೆ. ಅಲ್ಲಿನ ಸ್ಥಳೀಯ ಪೊಲೀಸರಿಗೆ ವೀಸಾ ಮೇಲೆ ಯಾವ ಅಧಿಕಾರವೂ ಇಲ್ಲ. ಮಾದಕವಸ್ತು ಅಪರಾಧ ಸಾಬೀತಾದರೆ ಗಡೀಪಾರು ಆಗಬಹುದು. ಸ್ವಂತ ಬಳಕೆಗೆ 30 ಗ್ರಾಂವರೆಗಿನ ಗಾಂಜಾ ಇಟ್ಟುಕೊಂಡ ಒಂದೇ ಒಂದು ಪ್ರಕರಣಕ್ಕೆ ಮಾತ್ರ ಗಡೀಪಾರಿನ ನಿಯಮದಲ್ಲಿ ವಿನಾಯಿತಿ ಇದೆ. ಅದರಾಚೆಗಿನ ವೀಸಾ ತೊಂದರೆಗೆ ಅದು ರಕ್ಷಣೆಯಲ್ಲ. ತಪ್ಪೊಪ್ಪಿಕೊಂಡರೆ ವಲಸೆ ಸ್ಥಿತಿಗೆ ಏನಾಗುತ್ತದೆಂದು ವಕೀಲರು ತಿಳಿಸಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಕ್ರಿಮಿನಲ್ ವಕೀಲರ ಜೊತೆ ವಲಸೆ ಕಾನೂನು ಬಲ್ಲವರನ್ನೂ ಕೇಳಿ. ಬಾತ್ಮೀದಾರರಿಗೆಂದು ‘ಎಸ್’ ವೀಸಾ ಇರುವುದು ನಿಜ, ಆದರೆ ಅದರ ಮಿತಿ ಸಾಮಾನ್ಯ ಅಪರಾಧ ಪ್ರಕರಣಗಳಿಗೆ ವರ್ಷಕ್ಕೆ 200, ಭಯೋತ್ಪಾದನೆಗೆ ಸಂಬಂಧಿಸಿದವಕ್ಕೆ 50. ಕ್ಯಾಂಪಸ್ ಪ್ರಕರಣದಲ್ಲಿ ಅದನ್ನು ನಂಬಿ ಕೂರಬೇಡಿ. ಬಂಧನವಾದರೆ ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳುವ ಹಕ್ಕು ವಿಯೆನ್ನಾ ಒಪ್ಪಂದದ 36ನೇ ವಿಧಿಯಡಿ ಅವನಿಗಿದೆ.

ಪ್ರಶ್ನೆ: ಬಾತ್ಮೀದಾರನೇ ಅಪರಾಧ ಮಾಡುತ್ತಿದ್ದರೆ ಪೊಲೀಸರು ಕಣ್ಣುಮುಚ್ಚಿಕೊಳ್ಳುತ್ತಾರೆಯೇ?
– ಓದುಗರು, ಕಲಬುರಗಿ

ಎಫ್‌ಬಿಐನಂಥ ಕೇಂದ್ರ ಸಂಸ್ಥೆಗಳಿಗೆ ಅಟಾರ್ನಿ ಜನರಲ್ ಅವರ ಲಿಖಿತ ಮಾರ್ಗಸೂಚಿ ಇದೆ. ತನಿಖೆಗೆ ಅನಿವಾರ್ಯವಾದರೆ ಇಂತಿಂಥ ಅಪರಾಧದಲ್ಲಿ ಭಾಗವಹಿಸಬಹುದು ಎಂದು ಮುಂಚಿತವಾಗಿ, ಬರಹದಲ್ಲಿ, ಗರಿಷ್ಠ 90 ದಿನಗಳಿಗೆ ಅನುಮತಿ ಕೊಡಬಹುದು. ಹಿಂಸೆಗೆ ಅನುಮತಿ ಇಲ್ಲ. ಗಂಭೀರ ಅಪರಾಧವಾದರೆ ಪ್ರಾಸಿಕ್ಯೂಟರ್ ಒಪ್ಪಿಗೆಯೂ ಬೇಕು. 2011ರೊಂದರಲ್ಲೇ ಎಫ್‌ಬಿಐ ಹೀಗೆ ಅನುಮತಿಸಿದ ಅಪರಾಧಗಳು 5,658.

ಸಂಖ್ಯೆ ನೋಡಿ ಗಾಬರಿಯಾಗುವುದು ಸಹಜ. ನಮ್ಮ ಮಟ್ಟಿಗೆ ಹೆಚ್ಚು ಅಪಾಯ ಇರುವುದು ಲೆಕ್ಕಕ್ಕೆ ಸಿಗದೇ ಹೋದ ಅಪರಾಧಗಳಲ್ಲಿ. ಬಾಸ್ಟನ್‌ನ ಅಪರಾಧ ಗುಂಪಿನ ನಾಯಕ ಜೇಮ್ಸ್ ‘ವೈಟಿ’ ಬಲ್ಜರ್ 1975ರಿಂದ ಎಫ್‌ಬಿಐ ಬಾತ್ಮೀದಾರನಾಗಿ ದಾಖಲೆಯಲ್ಲಿದ್ದ. ಎದುರಾಳಿ ಮಾಫಿಯಾದ ಸುದ್ದಿ ಕೊಡುತ್ತಾ ತನ್ನ ಕೊಲೆಗಳನ್ನು ನಡೆಸಿದ. ಅವನನ್ನು ನೋಡಿಕೊಳ್ಳುತ್ತಿದ್ದ ಎಫ್‌ಬಿಐ ಅಧಿಕಾರಿ (ಹ್ಯಾಂಡ್ಲರ್) ಜಾನ್ ಕಾನೊಲಿ ಅದೇ ಬಡಾವಣೆಯಲ್ಲಿ ಬೆಳೆದವನು. ಯಾರು ಬಾಯಿಬಿಡುತ್ತಿದ್ದಾರೆಂದು ಬಲ್ಜರ್‌ಗೆ ಕಾನೊಲಿಯೇ ತಿಳಿಸುತ್ತಿದ್ದ, ಕೊನೆಗೆ 1994ರಲ್ಲಿ ಬಂಧನದ ಸುಳಿವನ್ನೂ ಕೊಟ್ಟ. ಬಲ್ಜರ್ ಸಿಕ್ಕಿದ್ದು 2011ರಲ್ಲಿ. ಕಾನೊಲಿಗೂ ಜೈಲಾಯಿತು.

ಇದರಿಂದ ಬಂದ ನಿಯಮಗಳು ಸರಳ. ಬಾತ್ಮೀದಾರನನ್ನು ಒಬ್ಬನೇ ಅಧಿಕಾರಿ ಭೇಟಿಯಾಗಬಾರದು. ಉಡುಗೊರೆ, ಸಾಲ, ವ್ಯಾಪಾರ, ಪ್ರೇಮ ಯಾವುದೂ ಕೂಡದು. ಮೇಲಧಿಕಾರಿ ನಿಗದಿತ ಅವಧಿಗೊಮ್ಮೆ ಬಾತ್ಮೀದಾರನನ್ನು ತಾನೇ ಕಂಡು ಮಾತಾಡಬೇಕು. ವರ್ಷಗಟ್ಟಲೆ ಇರುವವನ ಕಡತವನ್ನು ಹೊರಗಿನವರ ಸಮಿತಿ ನೋಡಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು ‘ನಂಬಲನರ್ಹ’ ಎಂದು ದಾಖಲಿಸಿ ಕೈಬಿಡಬೇಕು, ಇಲ್ಲದಿದ್ದರೆ ಪಕ್ಕದ ಠಾಣೆ ಅವನನ್ನೇ ಹೊಸಬನೆಂದು ಸೇರಿಸಿಕೊಳ್ಳುತ್ತದೆ.

ಪ್ರಶ್ನೆ: ಆರೋಪಿಗೆ ಬಾತ್ಮೀದಾರ ಯಾರೆಂದು ತಿಳಿಯುವ ಹಕ್ಕಿಲ್ಲವೇ? ಬ್ರಿಟನ್‌ನಲ್ಲಿ ಹೇಗೆ?
– ಯುವ ವಕೀಲರು, ಬೆಳಗಾವಿ

ಅಮೆರಿಕದಲ್ಲಿ 1957ರ ರೊವಿಯಾರೊ ತೀರ್ಪೇ ಆಧಾರ. ಹೆಸರು ಮುಚ್ಚಿಡುವ ಅಧಿಕಾರ ಸರ್ಕಾರಕ್ಕಿದೆ, ಆದರೆ ಆರೋಪಿಯ ಪ್ರತಿವಾದಕ್ಕೆ ಅದು ಅಗತ್ಯವಾದರೆ ಹೆಸರು ಹೇಳಬೇಕು, ಇಲ್ಲವೇ ಪ್ರಕರಣ ಬಿಡಬೇಕು. ಬರೀ ಸುಳಿವು ಕೊಟ್ಟವನ ಹೆಸರು ಸಾಮಾನ್ಯವಾಗಿ ಗುಟ್ಟಾಗಿ ಉಳಿಯುತ್ತದೆ. ವ್ಯವಹಾರದಲ್ಲಿ ಸ್ವತಃ ಭಾಗಿಯಾದವನದು ಉಳಿಯುವುದು ಕಷ್ಟ. ಅಫಿಡವಿಟ್‌ನಲ್ಲಿ ಪೊಲೀಸರು ಗೊತ್ತಿದ್ದೇ ಸುಳ್ಳು ಬರೆದಿದ್ದಾರೆಂದು ಮೇಲ್ನೋಟಕ್ಕೆ ತೋರಿಸಿದರೆ 1978ರ ಫ್ರ್ಯಾಂಕ್ಸ್ ತೀರ್ಪಿನಂತೆ ವಿಚಾರಣೆ ಕೇಳಬಹುದು.

ಬ್ರಿಟನ್‌ನದು ನಮಗೆ ಹೆಚ್ಚು ಮೆಚ್ಚುಗೆಯಾಗುವ ಮಾದರಿ. 2000ದ ತನಿಖಾ ಅಧಿಕಾರಗಳ ನಿಯಂತ್ರಣ ಕಾಯ್ದೆಯಡಿ (ರಿಪಾ) ದಿನನಿತ್ಯ ನೋಡಿಕೊಳ್ಳುವ ಹ್ಯಾಂಡ್ಲರ್ ಒಬ್ಬ, ಅವನ ಮೇಲೆ ಕಣ್ಣಿಡುವ ಕಂಟ್ರೋಲರ್ ಇನ್ನೊಬ್ಬ, ದಾಖಲೆಗೂ ಹೊಣೆಗಾರರಿರಬೇಕು. ಬಳಕೆಗೆ ಅನುಮತಿ ಕೊಡುವವರು ಬೇರೆಯೇ. ಅನುಮತಿ 12 ತಿಂಗಳಿಗೆ, 18ರೊಳಗಿನವರಿಗೆ 4 ತಿಂಗಳಿಗೆ ಮಾತ್ರ. 16ರೊಳಗಿನ ಮಗುವನ್ನು ಅದರ ತಂದೆ ತಾಯಿಯ ವಿರುದ್ಧ ಬಳಸುವಂತಿಲ್ಲ. ಇಲಾಖೆಯ ಹೊರಗಿರುವ ತನಿಖಾ ಅಧಿಕಾರಗಳ ಆಯುಕ್ತರ ಕಚೇರಿ ಇವೆಲ್ಲವನ್ನೂ ಪರಿಶೀಲಿಸುತ್ತದೆ.

ಪ್ರಶ್ನೆ: ನಮ್ಮಲ್ಲಿ ‘ಖಚಿತ ಮಾಹಿತಿ ಮೇರೆಗೆ ದಾಳಿ’ ಎಂದು ಪತ್ರಿಕೆಯಲ್ಲಿ ಬರುತ್ತದೆ. ನಾನೇ ಆ ಮಾಹಿತಿ ಕೊಟ್ಟರೆ ನನ್ನ ಹೆಸರು ಹೊರಬರುತ್ತದೆಯೇ? ಬಹುಮಾನ ಸಿಗುತ್ತದೆಯೇ?
– ಅಂಗಡಿ ಮಾಲೀಕರು, ದಾವಣಗೆರೆ

ಬಾತ್ಮೀದಾರರ ನಿರ್ವಹಣೆಗೆಂದೇ ಬ್ರಿಟನ್‌ನಂಥ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಹೆಸರಿನ ರಕ್ಷಣೆಗೆ ಮಾತ್ರ ಗಟ್ಟಿ ಆಧಾರಗಳಿವೆ. ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಕಲಂ (ಹಳೆಯ ಸಾಕ್ಷ್ಯ ಕಾಯ್ದೆಯ 125) ಪ್ರಕಾರ ಅಪರಾಧದ ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ. ಮಾದಕವಸ್ತು ಪ್ರಕರಣಗಳಿಗೆ ಎನ್‌ಡಿಪಿಎಸ್ ಕಾಯ್ದೆಯ 68ನೇ ಕಲಂ ಇದನ್ನೇ ಹೇಳುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ಕೂಡ ಗುಪ್ತ ಮೂಲವನ್ನು ಕಾಪಾಡುತ್ತದೆ.

ಹೆಸರು ಮುಚ್ಚಿದ್ದರೂ ಮಾಹಿತಿಯನ್ನು ಬರೆಯದೆ ಬಿಡುವಂತಿಲ್ಲ. ಎನ್‌ಡಿಪಿಎಸ್ 42ನೇ ಕಲಮಿನಂತೆ ಮನೆ, ವಾಹನ, ಮುಚ್ಚಿದ ಜಾಗದ ಬಗ್ಗೆ ಬಂದ ಗುಪ್ತ ಮಾಹಿತಿಯನ್ನು ಅಧಿಕಾರಿ ಬರೆದುಕೊಂಡು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳುಹಿಸಬೇಕು. ತಡವಾದುದಕ್ಕೆ ಸರಿಯಾದ ವಿವರಣೆ ಇದ್ದರೆ ಒಪ್ಪಬಹುದು, ಆದರೆ ಪೂರ್ತಿ ಕಡೆಗಣಿಸುವಂತಿಲ್ಲ ಎಂದು ಕರ್ನೈಲ್ ಸಿಂಗ್ ಪ್ರಕರಣದಲ್ಲಿ (2009) ಸಂವಿಧಾನ ಪೀಠ ಹೇಳಿದೆ. ಮಾಲು ಸಿಕ್ಕಿಯೂ ಆರೋಪಿಗಳು ಬಿಡುಗಡೆಯಾಗುವ ಪ್ರಕರಣಗಳಲ್ಲಿ ಈ ಒಂದು ಹಾಳೆ ಇಲ್ಲದಿರುವುದು ಪದೇ ಪದೇ ಕಾಣುವ ಕಾರಣ.

ನಿಮ್ಮ ಮಟ್ಟಿಗೆ ಎಚ್ಚರಿಕೆ ಇದು. ದೂರು ಬರೆದು ಸಹಿ ಹಾಕಿದರೆ ನೀವು ಫಿರ್ಯಾದಿ, ಎಫ್‌ಐಆರ್‌ನಲ್ಲಿ ಹೆಸರು ಬರುತ್ತದೆ, ಅದರ ಪ್ರತಿ ಆರೋಪಿಗೆ ಸಿಗುತ್ತದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶವೂ ಆಗಿದೆ. ಹಾಗಾಗಿ ಗುಟ್ಟು ಬೇಕಿದ್ದರೆ ಸಹಿ ಮಾಡಬೇಡಿ, ಪಂಚರಾಗಿಯೂ ನಿಲ್ಲಬೇಡಿ, ದಾಳಿಯ ಹೊತ್ತಿಗೆ ಆ ಕಡೆ ಸುಳಿಯಬೇಡಿ. 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇರುವುದು ಸಾಕ್ಷಿಗಳಿಗೆ, ತೆರೆಮರೆಯ ಬಾತ್ಮೀದಾರ ಅದನ್ನು ನಂಬಿಕೊಳ್ಳುವಂತಿಲ್ಲ. ಮಾದಕವಸ್ತು ವಿಷಯವಾದರೆ ಕೇಂದ್ರದ ‘ಮಾನಸ್’ ಸಹಾಯವಾಣಿ 1933ಕ್ಕೆ ಕರೆ ಮಾಡಬಹುದು.

ಬಹುಮಾನಕ್ಕೆ ಇಲಾಖಾವಾರು ಯೋಜನೆಗಳಿವೆ. 2018ರ ಯೋಜನೆಗಳಂತೆ ಬೇನಾಮಿ ಆಸ್ತಿಯ ಮಾಹಿತಿಗೆ 1 ಕೋಟಿ ರೂಪಾಯಿವರೆಗೆ, ವಿದೇಶದಲ್ಲಿಟ್ಟ ಕಪ್ಪುಹಣದ ಮಾಹಿತಿಗೆ 5 ಕೋಟಿವರೆಗೆ ಅವಕಾಶವಿದೆ. ಆದರೆ ಬಹುಮಾನ ಹಕ್ಕಿನಿಂದ ಕೇಳುವಂಥದ್ದಲ್ಲ, ಸರ್ಕಾರದ ವಿವೇಚನೆಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಅದನ್ನು ನೆಚ್ಚಿ ಸಾಲ ಮಾಡಬೇಡಿ. ತೆರಿಗೆ ಇಲಾಖೆಯ ಯೋಜನೆಯಲ್ಲಿ ನಿಗದಿತ ನಮೂನೆ ತುಂಬಿ ಬಾತ್ಮೀದಾರರ ಸಂಕೇತ ಸಂಖ್ಯೆ ಪಡೆದವರನ್ನು ಮಾತ್ರ ಪರಿಗಣಿಸುತ್ತಾರೆ. ಬಾಯಿಮಾತಿನಲ್ಲಿ ಹೇಳಿ ಆಮೇಲೆ ಅರ್ಜಿ ಹಾಕಿದರೆ ನಡೆಯುವುದಿಲ್ಲ.